ಎರಡು ಜಗ್ಗು

ಫ್ಯಾನಿನ ಒಂದು ರೆಕ್ಕೆ ಸೊಟ್ಟಗಿದೆ, ಟಕ್ ಟಕ್, ಟಕ್ ಟಕ್, ಅದರ ನೆರಳು ಹದಿನಾಲ್ಕನೇ ಪ್ರಶ್ನೆಯ ಮೇಲೆಯೇ ಸುತ್ತುತ್ತಿದೆ — ಕವಿತೆಯ ಕೊನೆಯ ಸಾಲಿನಲ್ಲಿ ವ್ಯಕ್ತವಾಗುವ ಸಾಮಾಜಿಕ ಅನ್ಯಾಯವನ್ನು ವಿವರಿಸಿ, ಹತ್ತು ಅಂಕ — ಬಾರೋ ಬಾ, ನಿನಗೋಸ್ಕರಾನೇ ಕಾಯ್ತಿದ್ದೆ, ಇಂಟರ್ವಲ್ ಮುಗೀತು, ಇನ್ನು ಫೈಟು, ಎಂದು ಪೆನ್ನಿನ ತುದಿಯನ್ನು ಪಿಸ್ತೂಲಿನ ಹಾಗೆ ಊದಿದೆ, ಮುಂದಿನ ಬೆಂಚಿನ ಕನ್ನಡಕದವಳು ತಿರುಗಿ ದುರುಗುಟ್ಟಿದಳು. ಎರಡು ಸಲ ಡುಮ್ಕಿ ಹೊಡೆದವನು ನಾನು, ಇದು ಮೂರನೆಯದು, ಇದೂ ಹೋದರೆ — ಅಪ್ಪನ ಮೇಸ್ತ್ರಿ ನಿನ್ನೆ ಮನೆ ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದಾನೆ, ನೋಡಪ್ಪಾ ಹೀರೋ, ನಿಮ್ಮಪ್ಪ ಸತ್ತಿದ್ದಕ್ಕೆ ನಿನಗೊಂದು ಕೆಲಸ ಅಂತೂ ಇದೆ, ಪಾಸಾದ್ರೆ ಆಫೀಸಲ್ಲಿ ಕುರ್ಚಿ, ಫೇಲಾದ್ರೆ ಅದೇ ಗುಂಡಿ, ಅದೇ ಹಗ್ಗ. ಅಮ್ಮ ಇವತ್ತು ಬೆಳಗ್ಗೆ ಹತ್ತೊಂಬತ್ತು ವರ್ಷದ ಗಡವನನ್ನು ಕೂರಿಸಿಕೊಂಡು ತಲೆ ಬಾಚಿದಳು, ಅಷ್ಟೇ. ಬರೀ ಮಗನೇ, ಬರೀ, ಎಂದು ನನಗೆ ನಾನೇ ಹೇಳಿಕೊಂಡೆ. ಕವಿತೆಯೇನು ಕಷ್ಟದ್ದಲ್ಲ, ಇನ್ನೂರು ವರ್ಷದ ಹಿಂದಿನ ಕವಿ, ಪುಸ್ತಕದಲ್ಲಿ ಅವನ ಚಿತ್ರಕ್ಕೆ ಮೀಸೆ ಬರೆದವನೂ ನಾನೇ, ನಗರದ ಬೀದಿಯಲ್ಲಿ ನಡೆದು ಹೋಗುತ್ತಾನೆ, ಮಸಿ ಹಿಡಿದ ಗೋಡೆ, ಕೆಮ್ಮುವ ನೇಕಾರ, ಅರಮನೆಯ ಬಾಗಿಲಿಗೆ ನ್ಯಾಯದ ಗಂಟೆ, ನೇಕಾರ ಅದರ ಹಗ್ಗ ಜಗ್ಗುತ್ತಾನೆ, ಮತ್ತೆ ಜಗ್ಗುತ್ತಾನೆ, ಮೇಲೆ ಊಟಕ್ಕೆ ಕೂತವರು ಅಯ್ಯೋ ಗಾಳಿ ಆಟ ಆಡ್ತಿದೆ ಬಿಡಿ ಎಂದು ನಗುತ್ತಾರೆ, ಮುಗೀತು, ಪರದೆ. ಕ್ಲಾಸಲ್ಲಿ ಕನ್ನಡ ಮೇಡಂ ಉತ್ತರ ಬರೆಸಿದ್ದಾರೆ, ಮೇಲಿನವರು ಅಂದ್ರೆ ಶೋಷಕ ವರ್ಗ, ನಗು ಅಂದ್ರೆ ನಿರ್ಲಕ್ಷ್ಯ, ಇಷ್ಟು ಬರೆದ್ರೆ ಎಂಟು, ಅಡಿಗೆರೆ ಎಳೆದ್ರೆ ಒಂಬತ್ತು ಕಣ್ರೋ. ಬರೆದೆ, ನೇಕಾರನ ಕೆಮ್ಮಿಗೇ ಎರಡು ಪುಟ, ಹೆಚ್ಚಿನ ಹಾಳೆಯನ್ನೂ ಕೇಳಿ ತಗೊಂಡೆ, ಇನ್ನು ಕೊನೆಯ ಸಾಲು, ಮೇಲಿನವರು ಎಂದರೆ — ಮೇಲಿನವರು ಎಂದರೆ — ಪೆನ್ನು ಅಲ್ಲೇ ಕಚ್ಚಿಕೊಂಡಿತು.

ಚರಂಡಿ ಗುಂಡಿಗೆ ಇಳಿಯುವಾಗ ಅಪ್ಪನ ಸೊಂಟಕ್ಕೆ ಹಗ್ಗ, ಒಂದು ಜಗ್ಗಿದರೆ ಸಡಿಲ ಬಿಡು, ಎರಡು ಜಗ್ಗಿದರೆ ಎಳೆ, ಕೆಳಗಿನಿಂದ ಮೇಲಕ್ಕೆ ಇರುವ ಭಾಷೆ ಇಷ್ಟೇ. ಆವತ್ತು ಜೊತೆಗಾರ ಬಂದಿರಲಿಲ್ಲ, ಬಾರೋ ನೀನೇ ಹಿಡ್ಕೋ ಎಂದು ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟ. ಅಪ್ಪನೇನು ಕಮ್ಮಿ ತರಲೆಯೇ, ನನ್ನ ಅಪ್ಪ ತಾನೇ, ಮೊದಲೆರಡು ಸಲ ಇಳಿದಾಗಲೂ ಸುಮ್ಮಸುಮ್ಮನೆ ಎರಡೆರಡು ಜಗ್ಗಿದ, ನಾನು ಬೆವರು ಸುರಿಸಿಕೊಂಡು ಎಳೆದರೆ ತಲೆ ಹೊರಗಿಟ್ಟು, ಏನೋ, ಹೆದರ್ಕೊಂಡ್ಯಾ ಹೀರೋ? ಕೆಸರು ಮೆತ್ತಿದ ಮುಖದಲ್ಲಿ ಹಲ್ಲಷ್ಟೇ ಬಿಳಿ. ಮೂರನೇ ಸಲ ಇಳಿದ. ಸ್ವಲ್ಪ ಹೊತ್ತಿಗೆ ಅಂಗೈಯಲ್ಲಿ ಜಗ್ಗು, ಇನ್ನೊಂದು ಜಗ್ಗು. ನಾನು ಎಳೆಯಲಿಲ್ಲ. ಹಗ್ಗವನ್ನು ಮೈಕಿನ ಹಾಗೆ ಹಿಡಿದು ಗುಂಡಿಗೆ ಬಗ್ಗಿ ಡೈಲಾಗ್ ಬಿಟ್ಟೆ, ಒಂದೇ ಸಿನಿಮಾನ ಮೂರು ಶೋ ನೋಡೋ ಫ್ಯಾನ್ ನಾನಲ್ಲ ಕಣಪ್ಪೋ! ಎದುರಿನ ಪಂಕ್ಚರ್ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ, ಅವನು ನಕ್ಕನೆಂದು ಅದನ್ನೇ ಇನ್ನೊಂದು ಸಲ ಹೇಳಿದೆ. ಆಮೇಲೆ ಹಗ್ಗ ಜಗ್ಗಲಿಲ್ಲ. ವಿಷಗಾಳಿ ಎಂದರು ಡಾಕ್ಟರು, ಮುಖಕ್ಕೆ ಮಾಸ್ಕ್ ಕೊಡದ ಮೇಸ್ತ್ರಿಯದೇ ತಪ್ಪು ಎಂದರು ಓಣಿಯವರು, ಹೌದು, ಅದೂ ಹೌದು, ಅವನದೂ ಹೌದು, ಅಮ್ಮ ನನ್ನನ್ನು ಕೇಳಿದ್ದು ಒಂದೇ ಸಲ, ಅವರು ಜಗ್ಗಲೇ ಇಲ್ವೇನೋ? ಇಲ್ಲಮ್ಮ ಎಂದೆ, ಒಂದೇ ಟೇಕಿನಲ್ಲಿ ಓಕೆ.

ಇನ್ನೈದು ನಿಮಿಷ, ಹಾಳೆ ಕಟ್ಕೊಳ್ರಪ್ಪಾ, ಕೊಠಡಿಯ ಮೇಡಂ ಮೇಜಿನ ಮೇಲೆ ಬಿಳಿ ದಾರ ಇಟ್ಟು ಹೋದರು. ಶೋಷಕ ವರ್ಗ, ಎರಡೇ ಪದ, ಬರೆದರೆ ಕುರ್ಚಿ, ಬರೆಯದಿದ್ದರೆ ಹಗ್ಗ, ಹಾಳೆಯ ಮೂಲೆಯ ತೂತಿಗೆ ದಾರ ಇಳಿಬಿಟ್ಟೆ, ತೂತು ಗುಂಡಗಿದೆ, ಕರ್ರಗಿದೆ, ಬೆರಳಿಗೆ ಸುತ್ತಿಕೊಂಡೆ, ಟಕ್ ಟಕ್, ಮೇಲಿನವರು ಎಂದರೆ — ಗಂಟೆ ಹೊಡೆಯಿತು, ಕೊಡಪ್ಪಾ ಸಾಕು, ಮೇಡಂ ಹಾಳೆಗೆ ಕೈ ಹಾಕಿದರು, ದಾರದ ತುದಿ ನನ್ನ ಬೆರಳಲ್ಲೇ ಇದೆ, ಬಿಡೋ ಅಂದ್ರೆ, ಅವರು ಎಳೆದರು, ಬೆರಳಲ್ಲಿ ಒಂದು ಜಗ್ಗು — ಇನ್ನೊಂದು ಜಗ್ಗು —