ಬ್ರೆಮ್ನರ್ ಗೆದ್ದ ಒಂದೇ ಪಂದ್ಯ

ಆ ವರ್ಷ ಬ್ರೆಮ್ನರ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಗೆದ್ದದ್ದು ಒಂದೇ ಪಂದ್ಯ. ಅದನ್ನು ಕೋಲ್ಬಿ ಹಾಲ್ವರ್ಸನ್ ಬಿದ್ದು ಗೆಲ್ಲಿಸಿದ. ನಿಜವಾಗಿ ಪೆಟ್ಟು ತಿಂದು ಬಿದ್ದಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ಅಯೋವಾದ ಮೆಕ್ಕೆಜೋಳದ ಹೊಲಗಳ ನಡುವಿನ ಆ ಕಾಲೇಜಿನಲ್ಲಿ ಓದುವವರೇ ಎಂಟುನೂರು ಜನ. ತಂಡ ಏಳು ಶನಿವಾರ ಸಾಲಾಗಿ ಸೋತಿತ್ತು. ಎಂಟನೆಯ ಶನಿವಾರ, ಹೇಗೋ ಏನೋ, ಎರಡು ನಿಮಿಷ ಉಳಿದಿರುವಾಗ ಮೂರು ಅಂಕ ಮುಂದಿತ್ತು. ಎದುರಾಳಿಗಳು ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು, ಉಸಿರಾಡಲೂ ಬಿಡದೆ ಮತ್ತೆ ಮತ್ತೆ ನುಗ್ಗುತ್ತಿದ್ದರು. ತಡೆಯುವ ಸಾಲಿನಲ್ಲಿದ್ದ ಕೋಲ್ಬಿಗೆ ಜೀವ ಬಾಯಿಗೆ ಬಂದಿತ್ತು. ಪಕ್ಕದಲ್ಲಿ ಅವನ ರೂಮಿನ ಗೆಳೆಯ ಒಡೆಲ್ ಬಗ್ಗಿಕೊಂಡು ಓಕರಿಸುತ್ತಿದ್ದ. ವಿರಾಮ ಕೇಳುವ ಅವಕಾಶಗಳೆಲ್ಲ ಮುಗಿದಿದ್ದವು. ಆಗ ಕೋಲ್ಬಿ, ಯಾರೂ ಮುಟ್ಟದಿದ್ದರೂ, ಎಡಮಂಡಿ ಹಿಡಿದುಕೊಂಡು ದೊಪ್ಪನೆ ಕುಸಿದ.

ರೆಫರಿ ಸೀಟಿ ಊದಿ ಆಟ ನಿಲ್ಲಿಸಿದ. ಆಟಗಾರ ಪೆಟ್ಟಾಗಿ ಬಿದ್ದರೆ ಎರಡೂ ತಂಡದವರು ಒಂದು ಮಂಡಿಯೂರಿ ಕಾಯುವುದು ಅಲ್ಲಿನ ರೂಢಿ. ಎಲ್ಲರೂ ಊರಿದರು. ಎದುರಾಳಿ ತಂಡದ ಒಬ್ಬ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದದ್ದು ಹುಲ್ಲಿನ ಮೇಲೆ ಮಲಗಿದ್ದ ಕೋಲ್ಬಿಗೆ ಕಂಡಿತು. ಅವನನ್ನು ಸಾಕಿ ಬೆಳೆಸಿದ ವರ್ನಾ ಅಜ್ಜಿ, ಸೊಂಟ ಬಿದ್ದುಹೋದ ಹೆಂಗಸು, ಗ್ಯಾಲರಿಯ ಮೂವತ್ತು ಮೆಟ್ಟಿಲು ಒಂದೊಂದಾಗಿ ಇಳಿದು ಬಂದು, ಬೆಂಚಿನ ಮೇಲೆ ಕೂರಿಸಿದ್ದ ಮೊಮ್ಮಗನ ಕಾಲಿಗೆ ತನ್ನ ಕಂಬಳಿ ಹೊದಿಸಿದಳು. ಅಷ್ಟರಲ್ಲಿ ಸುಧಾರಿಸಿಕೊಂಡಿದ್ದ ತಂಡ ಗೆದ್ದೂಬಿಟ್ಟಿತು. ಗೆಲ್ಲಿಸಿದವನಿಗೆ ಸಲ್ಲುವ ಗೌರವವೆಂದು ಪಂದ್ಯದ ಚೆಂಡನ್ನು ಕೋಚ್ ಕೋಲ್ಬಿಯ ಕೈಗೇ ಕೊಟ್ಟರು. ಅದನ್ನೂ ತೆಗೆದುಕೊಂಡ, ಮಹಾನುಭಾವ.

ಭಾನುವಾರ ತಂಡದವರೆಲ್ಲ ಕೂತು ಪಂದ್ಯದ ವಿಡಿಯೋ ನೋಡಿದರು. ಕೋಲ್ಬಿ ಬೀಳುವಾಗ ಹತ್ತಿರ ಯಾರೂ ಇಲ್ಲದಿದ್ದದ್ದು ಗೋಡೆಯಷ್ಟು ದೊಡ್ಡದಾಗಿ ಕಂಡಿತು. ಹುಡುಗರು ಕಿಸಕ್ಕೆಂದರು. ಕೋಚ್ ವಿಡಿಯೋ ಮುಂದಕ್ಕೆ ಓಡಿಸಿದರು. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಒಡೆಲ್ ಮಾತ್ರ ನಗಲಿಲ್ಲ.

"ನಿನ್ ಕಾಲು ಹೋಯ್ತು ಅಂತ ನಾನು ಅಲ್ಲೇ ಅತ್ಬಿಟ್ಟಿದ್ದೆ ಕಣೋ," ಎಂದ ರೂಮಿಗೆ ಬಂದ ಮೇಲೆ. "ನಂಗಾದ್ರೂ ಹೇಳ್ಬಾರ್ದಾಗಿತ್ತಾ?"

ಕೋಲ್ಬಿ ನಾಚಿಕೆಯಿಂದ ಕುಗ್ಗಿಹೋದ. ಆದರೂ ಅಜ್ಜಿಯ ಮನೆಗೆ ಹೋದಾಗ ಕುಂಟಿದ. ಚರ್ಚಿನ ಹೆಂಗಸರು ಪಾಪದ ಹುಡುಗನಿಗೆಂದು ಆಲೂಗಡ್ಡೆ, ಮಾಂಸ ಬೇಯಿಸಿದ ತಟ್ಟೆಗಳನ್ನು ಹೊತ್ತು ತಂದರು. ಅದನ್ನೂ ತಿಂದ. ಒಂದು ದಿನ ಮರೆತು ಬಲಗಾಲು ಕುಂಟಿದ. ಅಜ್ಜಿಯ ಕಣ್ಣು ಮಂಜು, ಬಚಾವಾದ. ಕೊನೆಯ ಪಂದ್ಯ ಮುಗಿದ ದಿನವೇ ಅವಳಿಗೆ ನಿಜ ಹೇಳಿಬಿಡುವುದೆಂದು ನಿಶ್ಚಯಿಸಿದ. ಹೇಡಿಗಳಿಗೆ ಯಾವತ್ತೂ ಮುಂದಿನ ವಾರವೇ ಒಳ್ಳೆಯ ಮುಹೂರ್ತ.

ಅವರ ಲೀಗಿನ ಕಾಲೇಜುಗಳು, ಎದುರಾಳಿಯ ಆಟ ಅರಿಯಲೆಂದು, ಪ್ರತಿ ವಾರ ಪಂದ್ಯದ ವಿಡಿಯೋ ಹಂಚಿಕೊಳ್ಳುತ್ತವೆ. ಕೋಲ್ಬಿಗೆ ಅದು ಗೊತ್ತಿಲ್ಲದ್ದೇನಲ್ಲ, ಬೀಳುವಾಗ ನೆನಪಾಗಲಿಲ್ಲ ಅಷ್ಟೇ.

ಒಂಬತ್ತನೆಯ ಪಂದ್ಯ ಸೋತರು. ಹತ್ತನೆಯದು, ಕೊನೆಯದು, ಬ್ರೆಮ್ನರ್ ಮೈದಾನದಲ್ಲೇ ನಡೆಯಿತು. ಅಜ್ಜಿ ಮೆಟ್ಟಿಲು ಹತ್ತಲಾರದೆ ಕೆಳಗೆ ಬೇಲಿಯ ಪಕ್ಕದಲ್ಲೇ ಕೂತಿದ್ದಳು. ಮಂಡಿ ವಾಸಿಯಾಯಿತೆಂದು ಅವಳಿಗೆ ಹೇಳಿ ಕೋಲ್ಬಿ ಆಡಲು ಇಳಿದಿದ್ದ. ಎದುರಾಳಿಗಳು ಬಿರುಸಾಗಿ ನುಗ್ಗುತ್ತಿರುವಾಗ ಮೂವರ ಅಡಿಗೆ ಸಿಕ್ಕಿದ ಒಡೆಲ್ ಮೇಲೇಳಲಿಲ್ಲ. ರಕ್ತವಿಲ್ಲ, ಗಾಯವಿಲ್ಲ; ಮಂಡಿಯನ್ನು ಅಪ್ಪಿಕೊಂಡು ನರಳುತ್ತಿದ್ದ. ಬ್ರೆಮ್ನರ್ ಹುಡುಗರು ಮಂಡಿಯೂರಿದರು. ಎದುರಾಳಿಗಳು ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದರು.

"ಏಳಪ್ಪಾ ರಾಜ, ಉಸಿರು ಬಂತಲ್ಲ," ಎಂದ ಅವರಲ್ಲೊಬ್ಬ. "ನಿಮ್ ಕಾಲೇಜಲ್ಲಿ ಇದಕ್ಕೂ ಕ್ಲಾಸ್ ತಗೋತಾರಾ?"

ಅವರ ಕಡೆಯ ಗ್ಯಾಲರಿಯಿಂದ ಕೂಗು, ಶಿಳ್ಳೆ ಶುರುವಾದವು. ಒಡೆಲ್ ಕೋಲ್ಬಿಯ ಅಂಗಿ ಹಿಡಿದೆಳೆದ.

"ನಾನು ನಾಟಕ ಮಾಡ್ತಿಲ್ಲ ಅಂತ ಹೇಳೋ. ನೀನು ಹೇಳೋ."

ಈ ಮಾತನ್ನು ಹೇಳಲು ಇಡೀ ಮೈದಾನದಲ್ಲಿ ತನಗಿಂತ ಅಯೋಗ್ಯ ಇನ್ನೊಬ್ಬನಿಲ್ಲ ಎಂಬುದು ಕೋಲ್ಬಿಗೆ ಗೊತ್ತಿತ್ತು. ಎದ್ದು ನಿಂತು ಹೆಲ್ಮೆಟ್ ತೆಗೆದ.

"ಆ ವಿಡಿಯೋದಲ್ಲಿ ಬಿದ್ದೋನು ನಾನು," ಎಂದ. ದನಿ ಬೇಲಿಯವರೆಗೂ ಹೋಯಿತು. "ನಂಗೆ ಏನೂ ಆಗಿರ್ಲಿಲ್ಲ. ಬೇಕಂತಲೇ ಬಿದ್ದೆ. ಇವನ್ದು ನಿಜ. ಇವನು ಅಂಥವನಲ್ಲ."

ಶಿಳ್ಳೆ ನಿಂತಿತು. ಎದುರಾಳಿಗಳಲ್ಲಿ ಯಾರು ಮಂಡಿಯೂರಿದರು, ಯಾರು ಊರಲಿಲ್ಲ ಎಂದು ಅವನು ನೋಡಲಿಲ್ಲ. ಅವನ ಕಣ್ಣು ಅಜ್ಜಿಯ ಮೇಲಿತ್ತು. ಅವಳು ಬೇಲಿಯ ಬಾಗಿಲು ತೆರೆದು, ಕಂಬಳಿ ಎದೆಗೊತ್ತಿಕೊಂಡು, ಹುಲ್ಲಿನ ಮೇಲೆ ಹೆಜ್ಜೆ ಎಣಿಸುತ್ತ ಬರುತ್ತಿದ್ದಳು. ಹತ್ತಿರ ಬಂದಾಗ ಅವನು ಕೈ ಚಾಚಿದ.

"ದಾರಿ ಬಿಡಪ್ಪ," ಎಂದಳು ಅಜ್ಜಿ, ಮುಖ ನೋಡದೆ.

ಅವನ ಪಕ್ಕದಿಂದ ಸುತ್ತಿ ಹೋಗಿ, ಸೊಂಟ ಬಗ್ಗಿಸಲಾರದೆ ಬಗ್ಗಿಸಿ, ಒಡೆಲ್‌ನ ಕಾಲಿಗೆ ಕಂಬಳಿ ಹೊದಿಸಿದಳು.