ಮಹಾಧಿಪತಿಗೆ ಕ್ಷಮೆ

"ಎರಡೇ ಶಬ್ದ, ಮೌಶಿ. 'ಕ್ಷಮಿಸಿದೆವು, ಹೋಗು.' ಪರದೆಯ ಮೇಲಿನ ಆ ಮುದುಕಿ ಬಾಯಿ ತೆರೆದ ಕೂಡಲೇ ಹೇಳಬೇಕು," ಎಂದು ಗಾಜಿನ ಆಚೆಯಿಂದ ಡಬ್ಬಿಂಗ್ ನಿರ್ದೇಶಕಿ ಸ್ನೇಹಲ್ ಹಿಂದಿಯಲ್ಲಿ ಹೇಳಿದಳು. ಕನ್ನಡದ ಆ ಎರಡು ಶಬ್ದಕ್ಕೆ ಮಾತ್ರ ತಡವರಿಸಿದಳು.

ರಾಚವ್ವ ಮೈಕಿನ ಮುಂದೆ ನಿಂತಳು. ಮುಂಬೈಯ ಮಲಾಡಿನ ಆ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳು ಕಸ ಗುಡಿಸುವವಳು. ಅಂತರಿಕ್ಷದ ಧಾರಾವಾಹಿಯೊಂದು ಕನ್ನಡಕ್ಕೆ ಬರುತ್ತಿತ್ತು, ಮುದುಕಿಯ ದನಿ ಬೇಕಿತ್ತು. ಸರಿಹೋದರೆ ಪೊರಕೆ ಬಿಡಿಸಿ ದನಿಯ ಕೆಲಸಕ್ಕೇ ಇಟ್ಟುಕೊಳ್ಳುತ್ತೇನೆಂದು ಸ್ನೇಹಲ್ ಮಾತು ಕೊಟ್ಟಿದ್ದಳು.

ಪರದೆಯ ಮೇಲೆ ಏಳು ಗ್ರಹಗಳ ಮಹಾಧಿಪತಿ ಪದವಿ ಕಳೆದುಕೊಂಡು, ತಾನೇ ಸುಡಿಸಿದ ಊರಿನವರ ಮುಂದೆ ಮಂಡಿಯೂರಿದ್ದ. ಅವನ ಮಾತುಗಳನ್ನು ಶಿವಪುತ್ರಪ್ಪನೆಂಬ ಹೊಸಬ ಬೆಳಿಗ್ಗೆಯೇ ರೆಕಾರ್ಡ್ ಮಾಡಿದ್ದ. ಹೆಡ್‌ಫೋನಿನಲ್ಲಿ ಆ ದನಿ ಬಂತು. "ಹೆದರಬೇಡಿ. ನಾನು ನಿಮ್ಮವನೇ."

ರಾಚವ್ವನ ಬೆನ್ನು ನೆಟ್ಟಗಾಯಿತು. ಎರಡು ವರ್ಷದ ಹಿಂದೆ ಗುಡಿಸಲು ಕೆಡವುವ ಮುನ್ನ ಇದೇ ದನಿ ರಿಕ್ಷಾದ ಲೌಡ್‌ಸ್ಪೀಕರಿನಲ್ಲಿ, ವಿಜಾಪುರದ ಕಡೆಯವರೇ ತುಂಬಿದ್ದ ಅವಳ ಗಲ್ಲಿಗೆ ಬಂದಿತ್ತು: 'ಹೆದರಬ್ಯಾಡ್ರಿ, ನಾನೂ ನಿಮ್ಮ ವಿಜಾಪುರದಾವ. ಸಾಮಾನು ತಗೀರಿ, ಎಲ್ಲಾರಿಗೂ ಪಕ್ಕಾ ಮನಿ ಸಿಗತಾವ.' ಮರಾಠಿಯಲ್ಲಿ ಹೇಳಿದ್ದರೆ ಜನ ಜಗಳಕ್ಕೆ ನಿಲ್ಲುತ್ತಿದ್ದರು, ಹಿಂದಿಯಲ್ಲಿ ಹೇಳಿದ್ದರೆ ಕಾಗದ ತೋರಿಸು ಅನ್ನುತ್ತಿದ್ದರು. ತಮ್ಮೂರ ಮಾತು ಕೇಳಿ ಕರಗಿ, ತಮ್ಮ ಸೂರಿನ ತಗಡನ್ನು ತಾವೇ ಬಿಚ್ಚಿದರು. ಜೆಸಿಬಿಗೆ ಕೆಲಸವೇ ಉಳಿಯಲಿಲ್ಲ. ಆ ಪಕ್ಕಾ ಮನೆ ಇವತ್ತಿಗೂ ಸಿಕ್ಕಿಲ್ಲ.

ಹೆಡ್‌ಫೋನ್ ಕಳಚಿ ಹೊರಗೆ ಬಂದಳು. ಶಿವಪುತ್ರಪ್ಪ ಸೋಫಾದಲ್ಲಿ ಚಹಾ ಕುಡಿಯುತ್ತಿದ್ದ.

"ನಮ್ಮ ಗಲ್ಲಿಗೆ ರಿಕ್ಷಾದಾಗ ಬಂದು ಒದರಿದಾವ ನೀನ ಏನು?"

"ಯಾವ ಗಲ್ಲಿ, ಯವ್ವಾ? ಮುಂಬೈ ತುಂಬ ತಿರಗೀನಿ. ಬರದು ಕೊಟ್ಟಿದ್ದು ಓದೂದು ನನ್ನ ಕೆಲಸ."

"'ನಾನೂ ನಿಮ್ಮ ವಿಜಾಪುರದಾವ' ಅನ್ನೂದೂ ಬರದು ಕೊಟ್ಟಿದ್ರೇನು?"

ಅವನು ಚಹಾ ಊದಿದ.

"ಅದೊಂದು ನಾನ ಸೇರಿಸಿದ್ದೆ. ಮಂದಿಗೆ ಧೈರ್ಯ ಬರ್ಲಿ ಅಂತ. ಹಳೇದ್ಯಾಕ ಕೆದಕ್ತಿ? ಒಳಗ ಹೋಗಿ ಎರಡು ಮಾತು ಅಂದು ಬಾ, ಕಸಬರಿಗಿ ತಪ್ಪತೈತಿ."

ರಾಚವ್ವ ಒಳಗೆ ಹೋದಳು. ಮಹಾಧಿಪತಿ ಮತ್ತೆ ಮಂಡಿಯೂರಿದ. "ನನ್ನನ್ನು ಕ್ಷಮಿಸಿ." ಸ್ನೇಹಲ್‌ಳ ಬೆರಳು ಎದ್ದಿತು. ಪರದೆಯ ಮುದುಕಿ ಬಾಯಿ ತೆರೆದಳು, ಮುಚ್ಚಿದಳು. ರಾಚವ್ವನ ತುಟಿ ಬಿಚ್ಚಲಿಲ್ಲ.

"ಮೌಶಿ, ಇದು ಎರಡನೇ ಸಲ. ಹೇಳ್ತೀಯೋ, ಬೇರೆಯವರನ್ನು ಕರೆಸಲೋ?"

"ಕರಸವ್ವಾ," ಅಂದಳು ರಾಚವ್ವ, ಕನ್ನಡದಲ್ಲೇ.

ಹೆಡ್‌ಫೋನನ್ನು ಅದರ ಕೊಂಡಿಗೆ ನೇತುಹಾಕಿ, ಹೊರಗೆ ಬಂದು ಬಾಗಿಲ ಹಿಂದಿನ ಪೊರಕೆ ತೆಗೆದುಕೊಂಡಳು. ಮೂಲೆಯಿಂದ ಗುಡಿಸುತ್ತ ಸೋಫಾದ ತನಕ ಬಂದಳು.

"ಕಾಲು ತಗೀ."

ಶಿವಪುತ್ರಪ್ಪ ಕಪ್ಪು ಹಿಡಿದುಕೊಂಡೇ ಎರಡೂ ಕಾಲು ಮೇಲೆತ್ತಿದ. ಅವಳು ಅಲ್ಲೇ ಗುಡಿಸುತ್ತಿದ್ದಳು, ಮತ್ತೆ ಮತ್ತೆ ಅಲ್ಲೇ. ಗಾಜಿನ ಆಚೆ ಪರದೆಯ ಮುದುಕಿ ಸದ್ದಿಲ್ಲದೆ ಬಾಯಿ ತೆರೆದು ಮುಚ್ಚುತ್ತಿದ್ದಳು.