ಒದ್ದೆಯಾಗದ ಕಾಲು

ಸರ್ಕಾರದ ಕಾಗದಕ್ಕೆ ಸಹಿ ಹಾಕದಿದ್ದರೆ ಹೊಲಿಗೆ ಮನೆಗೆ ಬೀಗ. ಹಾಕಿದರೂ ಬೀಗವೇ ಎಂದು ಕೌನಾಕ್‌ಗೆ ಕಾಣುತ್ತಿತ್ತು.

ಉತ್ತರ ಧ್ರುವದ ಹತ್ತಿರದ ಆ ಊರಿನ ಇನುಯಿಟ್ ಹುಡುಗಿಯರಿಗೆ ಅವಳು ಸೀಲ್ ಚರ್ಮದ ಬೂಟು ಹೊಲಿಯಲು ಕಲಿಸುವ ಮನೆ ಅದು. ಅದರಿಂದ ಉಪಯೋಗವಾಗಿದೆಯೇ ಎಂದು ಸರ್ಕಾರ ಅಳೆಯಲಿದೆಯಂತೆ. ಹೇಗೆ ಅಳೆಯಬೇಕೆಂದು ಊರವರ ಜೊತೆ ಕೂತು ಯೋಚಿಸಲು ದಕ್ಷಿಣದಿಂದ ವಿಮಾನದಲ್ಲಿ ಬಂದ ಹೆಲೆನ್, ಪ್ರಶ್ನೆಗಳನ್ನೆಲ್ಲ ಮೊದಲೇ ಅಚ್ಚು ಹಾಕಿಸಿಕೊಂಡು ಬಂದಿದ್ದಳು. ಇದೊಳ್ಳೆ ಯೋಚನೆ! ಕಲಿತವರು ಹನ್ನೊಂದು, ಮುಗಿದ ಬೂಟು ನಾಲ್ಕೇ ಜೊತೆ ಎಂದು ಅವಳಾಗಲೇ ಬರೆದುಕೊಂಡೂ ಆಗಿತ್ತು.

ಕೌನಾಕ್ ಮೂಗು ಸುಕ್ಕುಗಟ್ಟಿಸಿದಳು. ಹೆಲೆನ್ ಮತ್ತೆ ಪೆನ್ನು ಚಾಚಿದಳು.

"ಅಜ್ಜಿ ಆಗ್ಲೇ ಆಗಲ್ಲ ಅಂದಾಯ್ತಲ್ಲ!" ಮೊಮ್ಮಗಳು ಉಲಾಯುಕ್ ನಕ್ಕಳು. "ಮೂಗು ಕಾಣ್ಲಿಲ್ವಾ?"

"ಹೋದ ಸಲ ಬಂದೋನೂ ಹಿಂಗೇ ಬರ್ಕೊಂಡು ಹೋದ," ಎಂದಳು ಕೌನಾಕ್. "ಏನ್ ಬರೆದ್ನೋ, ಇವತ್ತಿಗೂ ಗೊತ್ತಿಲ್ಲ. ನಮ್ಮ ಮಾತು ತಗೊಂಡೋಗಿ ನಮಗೇ ತೋರ್ಸದೋರಿಗೆ ಸಹಿ ಬೇರೆ ಕೇಡಾ?"

ಹೆಲೆನ್ ಮುಖ ಕೆಂಪಾಯಿತು. ಚಾಚಿದ್ದ ಪೆನ್ನು ಕೆಳಗಿಟ್ಟು ಕೇಳಿದಳು: "ನಾಲ್ಕೇ ಜೊತೆ ಯಾಕೆ ಅಜ್ಜಿ?"

"ಈಗ ಕೇಳಿದ್ರಿ ನೋಡಿ! ನಿಮ್ಮ ಕಾಗದದಲ್ಲಿ ಆ ಪ್ರಶ್ನೆ ಇದೆಯಾ?"

ಇರಲಿಲ್ಲ.

ಕೌನಾಕ್ ಹೆಲೆನ್‌ಳ ದಪ್ಪ ಬೂಟು ಬಿಚ್ಚಿಸಿ, ಉಲಾಯುಕ್ ಮೂರು ಸಲ ಬಿಚ್ಚಿ ಹೊಲಿದಿದ್ದ ಬೂಟು ತೊಡಿಸಿ, ಕಡಲ ದಡಕ್ಕೆ ಕರೆದೊಯ್ದು ಮಂಜುಗಡ್ಡೆ ತೇಲುತ್ತಿದ್ದ ನೀರಿನಲ್ಲಿ ನಿಲ್ಲಿಸಿದಳು. ದಡದ ಒಲೆಯ ಮೇಲೆ ಚಹಾ ಕುದಿಯುವವರೆಗೂ ನಿಲ್ಲಿಸಿದಳು. ಉಲಾಯುಕ್ ಈಗ ನಗಲಿಲ್ಲ.

"ಕಾಲು ಒದ್ದೆ ಆಯ್ತಾ?"

"ಇಲ್ಲ ಅಜ್ಜಿ. ಒಂಚೂರೂ ಇಲ್ಲ!"

"ಉಳಿದ ಏಳು ಜೊತೆ ಸೋರ್ತಿತ್ತು. ಬಿಚ್ಚಿಸ್ದೆ. ಮತ್ತೆ ಹೊಲೀತಾ ಇದಾರೆ. ಸೋರೋ ಬೂಟಲ್ಲಿ ಬೇಟೆಗೆ ಹೋಗೇ ನನ್ನ ತಮ್ಮ ಕಾಲ್ಬೆರಳು ಕಳ್ಕೊಂಡಿದ್ದು. ನಿಮ್ಮ ಕಾಗದ ತುಂಬ್ಲಿ ಅಂತ ಇನ್ನೂ ಏಳು ಜನರ ಕಾಲು ಕೊಡ್ಲಾ ತಾಯಿ?"

ಹೆಲೆನ್ ಅಲ್ಲೇ ಕಲ್ಲಿನ ಮೇಲೆ ಕೂತು ಕಾಗದ ಮಗುಚಿದಳು. ಆ ಬದಿ ಖಾಲಿಯಿತ್ತು. "ಪ್ರಶ್ನೆ ನೀವೇ ಹೇಳಿ," ಎಂದಳು.

ವಿಮಾನ ಹೊರಡುವ ಹೊತ್ತಿನವರೆಗೂ ಹನ್ನೊಂದು ಜನರೂ ಹೇಳಿದರು. ಏನು ಅಳೆಯಬೇಕು, ಯಾರನ್ನು ಕೇಳಬೇಕು, ಯಾವುದನ್ನು ಕೇಳಲೇಬಾರದು, ಎಲ್ಲ. ಆದರೂ ಕೌನಾಕ್ ಸಹಿ ಹಾಕಲಿಲ್ಲ. ಹೆಲೆನ್ ತನ್ನ ಬೂಟಿಗೆ ಕೈ ಚಾಚಿದಾಗ ಅಜ್ಜಿಯ ಮೂಗು ಮತ್ತೆ ಸುಕ್ಕುಗಟ್ಟಿತು. ಈ ಸಲ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಹೆಲೆನ್ ಕೈ ಹಿಂದಕ್ಕೆ ತೆಗೆದುಕೊಂಡಳು.

"ನಮ್ದೇ ಹಾಕ್ಕೊಂಡು ಹೋಗಿ, ಕಾಲು ಬೆಚ್ಚಗಿರ್ಲಿ. ಬರೆದಿದ್ದನ್ನ ಬೇರೆ ಯಾರಿಗೂ ಕೊಡೋಕೆ ಮುಂಚೆ ಇಲ್ಲಿ ಬಂದು ಓದಿ ಹೇಳಿ. ಆಗ ಸಹಿನೂ ಸಿಗುತ್ತೆ, ನಿಮ್ಮ ಬೂಟೂ ಸಿಗುತ್ತೆ."

ವಿಮಾನ ಮೇಲೇರುವ ಮೊದಲೇ ಕೌನಾಕ್ ಆ ದಪ್ಪ ಬೂಟನ್ನು ಹೊಲಿಗೆ ಮನೆಯ ಬಾಗಿಲಿನ ಮೊಳೆಗೆ ನೇತುಹಾಕಿದಳು.